ಮನಸ್ಸಿನ ವಿಷಯದಲ್ಲಿ ಯಾರ ಸಾಕ್ಷಿ?

ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಯೊಬ್ಬಳು ರಜೆಗೆಂದು ಕೊಪ್ಪಳ ಜಿಲ್ಲೆಯ ಇರಕಲ್ಲಗಡದಂಥ ಊರಿಗೆ ಮರಳಿದಳೆಂದರೆ, ಕಟ್ಟೆಯ ಮೇಲಿನ ಹಿರಿಯರು ಅವಳಿಗೆ ಹಾಕುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಹಂಗಾರ ನನ್ನ ಮನಸಿನ್ಯಾಗ ಏನೈತಿ ಹೇಳು ನೋಡೂಣು.” ಕೇಳುವವರದು ವಿನೋದವೇ ಆದರೂ, ಈ ಶಾಸ್ತ್ರವು ಪರಚಿತ್ತವನ್ನು ಓದುವ ಒಂದು ಗುಪ್ತವಿದ್ಯೆಯೆಂಬ ಭಾವನೆ ಆ ವಿನೋದದ ತಳದಲ್ಲಿ ಇದ್ದೇ ಇರುತ್ತದೆ. ಹಿರಿಯರಿಗೆ ಸಮರ್ಪಕವಾದ ಉತ್ತರವನ್ನು ಕೊಡಲು ಆ ವಿದ್ಯಾರ್ಥಿನಿಗೂ ಆಗದು. ಏಕೆಂದರೆ ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ಈ ವಿಷಯವು ವುಂಟ್, ವಾಟ್ಸನ್, ಫ್ರಾಯ್ಡ್ ಮುಂತಾದವರ ಹೆಸರುಗಳ ವಂಶಾವಳಿಯಾಗಿ ಕಂಠಪಾಠವಾಗುತ್ತದೆಯೇ ಹೊರತು, ಆ ಮಹನೀಯರು ಯಾವ ಪ್ರಶ್ನೆಗಾಗಿ ಒಬ್ಬರೊಡನೊಬ್ಬರು ವಾದಿಸಿದರೆಂಬುದು ಅಲ್ಲಿ ಹೊರಬೀಳುವುದೇ ಇಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಈ ಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಬೇಕು, ಮತ್ತು ಅದರ ಸಂಶೋಧನಾ ವಿಧಾನದಿಂದಲೇ ಪಾಠವನ್ನು ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದ ಉದಾಹರಣೆಗಳಿಗಾಗಿ ನಾವು ದೂರ ಹೋಗಬೇಕಾಗಿಲ್ಲ.

ಕೊಪ್ಪಳದ ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ಅಶೋಕ ಚಕ್ರವರ್ತಿಯ ಲಘುಶಾಸನವು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಯಲ್ಪಟ್ಟಿರುವುದನ್ನು ನಮ್ಮ ಜಿಲ್ಲೆಯವರೆಲ್ಲರೂ ಬಲ್ಲರು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದುವೆಂದೂ, ಮೊದಲ ಒಂದು ವರ್ಷ ತಾನು ಅಷ್ಟಾಗಿ ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಬಳಿಕ ವರ್ಷಕ್ಕೂ ಮಿಗಿಲಾಗಿ ತೀವ್ರವಾಗಿ ಉದ್ಯುಕ್ತನಾಗಿರುವನೆಂದೂ ಚಕ್ರವರ್ತಿಯು ಅಲ್ಲಿ ತನ್ನ ಅಂತರಂಗದ ಲೆಕ್ಕವನ್ನು ಒಪ್ಪಿಸುತ್ತಾನೆ; ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರೊಡನೆ ಬೆರೆತುದು ಈ ಉದ್ಯಮದ ಫಲವೆಂದು ಹೇಳಿಕೊಳ್ಳುತ್ತಾನೆ. ಇತಿಹಾಸಕಾರನಿಗೆ ಇದು ಅಮೂಲ್ಯವಾದ ಲೇಖ. ಮನಃಶಾಸ್ತ್ರದ ವಿದ್ಯಾರ್ಥಿಯು ಮಾತ್ರ ಇದರೆದುರು ನಿಂತು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಒಬ್ಬನು ತನ್ನ ಮನಸ್ಸಿನ ವಿಷಯವಾಗಿ ತಾನೇ ನುಡಿದ ಸಾಕ್ಷ್ಯವನ್ನು ಪರಿಶೀಲಿಸುವ ಬಗೆ ಯಾವುದು? ಒಂದರ ಅನಂತರ ಇನ್ನೊಂದು ಸಂಭವಿಸಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಹೇಳಬಹುದೆ?

ಮೊದಲನೆಯ ಪ್ರಶ್ನೆಯ ಸುತ್ತಲೇ ಈ ಶಾಸ್ತ್ರದ ಪಂಥಗಳೆಲ್ಲವೂ ಹುಟ್ಟಿದುವೆಂದರೆ ಅತಿಶಯೋಕ್ತಿಯಾಗಲಾರದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದ ವಿಲ್‌ಹೆಲ್ಮ್ ವುಂಟ್, ತರಬೇತಿ ಪಡೆದ ವೀಕ್ಷಕನು ತನ್ನ ಸಂವೇದನೆಯನ್ನು ಒಡನೆಯೇ ವರದಿಮಾಡುವುದಾದರೆ ಆ ಸಾಕ್ಷ್ಯವನ್ನು ಸ್ವೀಕರಿಸಬಹುದೆಂದು ನಂಬಿದನು. ಆದರೆ ಒಂದು ಪ್ರಯೋಗಶಾಲೆಯ ವೀಕ್ಷಕರು ಕಂಡುದನ್ನು ಮತ್ತೊಂದರವರು ಕಾಣದೆ ಹೋದಾಗ ತೀರ್ಪು ಕೊಡುವವರು ಯಾರೂ ಇರಲಿಲ್ಲ. ಈ ಬಿಕ್ಕಟ್ಟಿನಿಂದ ಬೇಸತ್ತ ಅಮೆರಿಕದ ಜಾನ್ ವಾಟ್ಸನ್, 1913ರಲ್ಲಿ ಇಂಥ ಅಂತರ್ವೀಕ್ಷಣೆಯನ್ನೇ ತಳ್ಳಿಹಾಕಿ, ಎಲ್ಲರ ಕಣ್ಣಿಗೂ ಕಾಣುವ ವರ್ತನೆಯೊಂದೇ ವಿಜ್ಞಾನಕ್ಕೆ ಸಲ್ಲುವ ಸಾಕ್ಷಿಯೆಂದು ಘೋಷಿಸಿದನು. ವಿಯೆನ್ನಾದ ಫ್ರಾಯ್ಡನಿಗೆ ಮನುಷ್ಯನ ನೇರನುಡಿಯಲ್ಲಿ ವಿಶ್ವಾಸವಿರಲಿಲ್ಲ. ಮನುಷ್ಯನು ತನ್ನಿಂದಲೇ ತಾನು ಮರೆಸಿಕೊಂಡುದು ಕನಸಿನಲ್ಲಿ, ಬಾಯ್ತಪ್ಪಿ ಬಂದ ಮಾತಿನಲ್ಲಿ ಹೊರಬೀಳುತ್ತದೆಂಬುದು ಆತನ ಸಿದ್ಧಾಂತ. ಆತನೊಡನೆ ಪತ್ರವ್ಯವಹಾರ ನಡೆಸಿದ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಅನುಭವವನ್ನು ತುಂಡರಿಸಿದರೆ ಅದರ ಅರ್ಥವೇ ಹೋಗುತ್ತದೆಂದು ಗೆಸ್ಟಾಲ್ಟ್ ಪಂಥದವರೂ, ನೊಂದವನ ಮಾತನ್ನು ಗೌರವದಿಂದ ಆಲಿಸುವುದೇ ಮೊದಲ ಕರ್ತವ್ಯವೆಂದು ಕಾರ್ಲ್ ರೋಜರ್ಸ್ ಮೊದಲಾದ ಮಾನವತಾವಾದಿಗಳೂ ವಾದಿಸಿದರು. ಕಳೆದ ಶತಮಾನದ ಮಧ್ಯಭಾಗದಿಂದೀಚೆಗೆ ಬೆಳೆದ ಸಂಜ್ಞಾನವಾದಿಗಳಾದರೋ, ಉತ್ತರಿಸಲು ಹಿಡಿದ ಕಾಲವನ್ನೂ ಮಾಡಿದ ತಪ್ಪುಗಳನ್ನೂ ಅಳೆದು ಅವುಗಳಿಂದ ಒಳಗಿನ ವ್ಯಾಪಾರವನ್ನು ಊಹಿಸಹೊರಟರು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ಪ್ರಮಾಣಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆಂದು ಶತಮಾನಗಳ ಕಾಲ ಚರ್ಚಿಸಿದ ನೈಯಾಯಿಕರ ನಾಡಿನವರಿಗೆ ಈ ವಿವಾದವು ಅಪರಿಚಿತವಾಗಿ ತೋರಬೇಕಾದ ಕಾರಣವೇ ಇಲ್ಲ.

ಎರಡನೆಯ ಪ್ರಶ್ನೆಯಿಂದ ಹುಟ್ಟಿದುದು ಪ್ರಯೋಗವಿಧಾನ. ಇದನ್ನು ತಿಳಿಸಲು ನಮ್ಮ ಓಣಿಗಳಲ್ಲಿ ಸಂಚರಿಸುವ ಕೋಲೆಬಸವನಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಬಣ್ಣಬಣ್ಣದ ಕವುದಿಯನ್ನು ಹೊದ್ದು, ಕೊರಳಿಗೆ ಗಂಟೆಯ ಸರವನ್ನು ಕಟ್ಟಿಸಿಕೊಂಡ ಆ ಎತ್ತು ಬಾಗಿಲ ಮುಂದೆ ಬಂದು ನಿಲ್ಲುತ್ತದೆ, ಮೊರದಲ್ಲಿ ಜೋಳವನ್ನು ಹಿಡಿದ ಗೃಹಿಣಿಯು ಎದುರಿಗೆ ನಿಂತಿರಲು, “ಈ ಸಲ ಮಳಿ ಬರ್ತೈತೇನೋ ಬಸವಾ?” ಎಂದು ಯಜಮಾನನು ಕೇಳುತ್ತಾನೆ, ವಾದ್ಯದ ಗತಿಯು ತುಸು ಬದಲಾಗುತ್ತದೆ, ಕೈಯಲ್ಲಿನ ಹಗ್ಗವು ಕಂಡೂ ಕಾಣದಂತೆ ಅಲುಗುತ್ತದೆ, ಬಸವನು ಗೋಣು ಹಾಕುತ್ತಾನೆ. ಬಸವನಿಗೆ ಮಳೆಯ ವಿಷಯ ತಿಳಿದಿದೆಯೆ ಎಂಬುದನ್ನು ಪರೀಕ್ಷಿಸುವುದು ಹೇಗೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಪಂಡಿತರ ಮುಂದೆ ಸರಿಸುಮಾರು ಇಂಥದೇ ಸಮಸ್ಯೆಯೊಂದು ಬಂದಿತ್ತು. ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕನ ಹಾನ್ಸ್ ಎಂಬ ಕುದುರೆಯು ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸು ತಟ್ಟಿ ಉತ್ತರ ಹೇಳುತ್ತಿದ್ದಿತು. 1904ರಲ್ಲಿ ಅದನ್ನು ನೋಡಿದ ಸಮಿತಿಯವರಿಗೆ ಯಾವ ಮೋಸವೂ ಕಾಣಲಿಲ್ಲ. ಓಸ್ಕರ್ ಫುಂಗ್‌ಸ್ಟ್ ಎಂಬಾತನು ಮುಖ್ಯವಾಗಿ ಎರಡು ಬದಲಾವಣೆಗಳನ್ನು ಮಾಡಿದನು: ಉತ್ತರವನ್ನು ತಾನೇ ಅರಿಯದವನಿಂದ ಪ್ರಶ್ನೆಯನ್ನು ಕೇಳಿಸಿದನು, ಮತ್ತು ಕೇಳುವವನು ಕುದುರೆಗೆ ಕಾಣಿಸದಂತೆ ಮರೆಮಾಡಿದನು. ಹಾನ್ಸನ ಗಣಿತವೆಲ್ಲವೂ ಅಲ್ಲಿಗೆ ಮುಗಿಯಿತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಕಾರನ ತಲೆಯು ತನಗರಿವಿಲ್ಲದೆಯೇ ಕೂದಲೆಳೆಯಷ್ಟು ಮೇಲಕ್ಕೆದ್ದುದನ್ನು ಕುದುರೆಯು ಕಂಡುಕೊಳ್ಳುತ್ತಿತ್ತು. 1907ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು.

ಈ ಪ್ರಸಂಗದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು, ಫಾನ್ ಓಸ್ಟೆನ್ ವಂಚಕನಾಗಿರಲಿಲ್ಲವೆಂಬುದು. ಕೋಲೆಬಸವನ ಯಜಮಾನನಿಗೆ ತನ್ನ ಹಗ್ಗದ ಗುಟ್ಟು ಗೊತ್ತು, ಅದು ಅವನ ಕಲೆ. ಆ ಜರ್ಮನ್ ಶಿಕ್ಷಕನಾದರೋ ತಾನೇ ಸಂಜ್ಞೆಯನ್ನು ಕೊಡುತ್ತಿದ್ದರೂ ತನ್ನ ಪ್ರಾಮಾಣಿಕ ನಂಬಿಕೆಯಿಂದಲೇ ತಾನು ಮೋಸಹೋಗಿದ್ದನು. ಔಷಧವನ್ನು ಕೊಡುವ ವೈದ್ಯ, ಅಂಕಗಳನ್ನು ಹಾಕುವ ಮಾಸ್ತರ, ನಿಂಬೆಹಣ್ಣನ್ನು ಮಂತ್ರಿಸಿ ಕೊಡುವ ಪೂಜಾರಿ, ಇವರಲ್ಲಿ ಯಾರೂ ಈ ಅಪಾಯದಿಂದ ಹೊರತಾದವರಲ್ಲ. ಸಜ್ಜನಿಕೆಯಿಂದ ತಪ್ಪು ತಡೆಯಲ್ಪಡುವುದಿಲ್ಲವಾದುದರಿಂದಲೇ ವಿಧಾನವೆಂಬುದು ಬೇಕಾಗುತ್ತದೆ.

ಹುಣ್ಣಿಮೆಯಂದು ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗೆ ಹೋಗುವ ಜನಸಾಗರದಲ್ಲಿ, ಮನಸ್ಸಿನ ಬಾಧೆಯುಳ್ಳವರನ್ನು ಕರೆತಂದ ಕುಟುಂಬಗಳೂ ಇರುತ್ತವೆ. “ಅಮ್ಮನ ಕಡಿಗೆ ಹೋಗಿಬಂದ ಮ್ಯಾಲ ಆರಾಮ ಆತು” ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಈ ಮಾತನ್ನು ಮೂಢನಂಬಿಕೆಯೆಂದು ಜರೆಯುವುದೂ ಸುಲಭ, ಪ್ರಶ್ನಿಸದೆ ಒಪ್ಪುವುದೂ ಸುಲಭ, ಪರೀಕ್ಷಿಸುವುದು ಕಷ್ಟ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ರಘುರಾಮ್ ಮತ್ತು ಅವರ ಸಂಗಡಿಗರು ಆ ಕಷ್ಟವನ್ನು ಕೈಗೊಂಡು, ತಮಿಳುನಾಡಿನ ಮುತ್ತುಸ್ವಾಮಿ ದೇಗುಲವೊಂದರಲ್ಲಿ ತಂಗಿದ 31 ಮಂದಿಯನ್ನು ಬಂದಾಗಲೊಮ್ಮೆ, ಹೊರಡುವಾಗಲೊಮ್ಮೆ ಅಳತೆಗೋಲಿಟ್ಟು ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿ ಆರು ವಾರಗಳಷ್ಟು ಅಲ್ಲಿದ್ದವರ ಲಕ್ಷಣಗಳು ಸುಮಾರು ಶೇಕಡಾ 20ರಷ್ಟು ತಗ್ಗಿದ್ದುವು. ಹಾಗಾದರೆ ದೇಗುಲವಾಸವೇ ಗುಣಕ್ಕೆ ಕಾರಣವಾಯಿತೆ? ಹಾಗೆ ಹೇಳಲು ದೇಗುಲಕ್ಕೆ ಹೋಗದ ಅಂಥವೇ ರೋಗಿಗಳ ಇನ್ನೊಂದು ಗುಂಪು ಹೋಲಿಕೆಗೆ ಇರಬೇಕಾಗಿದ್ದಿತು, ಅದು ಇರಲಿಲ್ಲ. ಬಾಧೆಯು ಪರಾಕಾಷ್ಠೆಗೆ ಏರಿದಾಗಲೇ ರೋಗಿಯನ್ನು ಕರೆತರುವುದು ಲೋಕರೂಢಿಯಾದುದರಿಂದ, ಏನನ್ನೂ ಮಾಡದಿದ್ದರೂ ಅದು ಅಷ್ಟಿಷ್ಟು ಇಳಿಯುವ ಸಂಭವ ಉಂಟು. ಹಾಗೆಂದು ಆ ಅಧ್ಯಯನವು ವ್ಯರ್ಥವಲ್ಲ. ಹಿಂಸೆಯಿಲ್ಲದ, ಆದರಿಸುವ ವಾತಾವರಣದಲ್ಲಿ ಜನರು ಚೇತರಿಸಿಕೊಂಡುದನ್ನು ಅದು ದಾಖಲಿಸಿತು. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟಿನಲ್ಲಿ, ಅದೇ ರಾಜ್ಯದ ಏರ್ವಾಡಿಯಲ್ಲಿ ಸರಪಳಿಯಿಂದ ಬಿಗಿಯಲ್ಪಟ್ಟಿದ್ದ ಮನೋರೋಗಿಗಳು ಬೆಂಕಿಗೆ ಸಿಲುಕಿ ಮಡಿದುದನ್ನು ನೆನೆದರೆ, ಶರಣು ಬಂದವರ ಆರೈಕೆಯೆಂಬ ಒಂದೇ ಹೆಸರಿನಡಿಯಲ್ಲಿ ಎಷ್ಟು ಭಿನ್ನವಾದ ಸಂಗತಿಗಳು ನಡೆಯುತ್ತವೆಂಬುದು ತಿಳಿದೀತು. ರೋಗಿಯನ್ನು ಸರಪಳಿಯಲ್ಲಿಡುವುದು 2017ರ ಕಾನೂನಿನಿಂದ ನಿಷಿದ್ಧವಾಗಿದೆ.

ಕನ್ನಡನಾಡು ಈ ವಿಧಾನಕ್ಕೆ ತನ್ನದೇ ಕಾಣಿಕೆಯನ್ನು ಸಲ್ಲಿಸಿದೆಯೆಂಬುದು ನಮ್ಮ ಪಠ್ಯಗಳಲ್ಲಿ ಹಿರಿದಾದ ಸ್ಥಾನವನ್ನು ಪಡೆಯಬೇಕಾದ ವಿಷಯ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳವರ ಮನೋವ್ಯಥೆಗಳನ್ನು ಸಮೀಕ್ಷಿಸಿ, 1976ರಲ್ಲಿ ಗ್ರಂಥವೊಂದನ್ನು ಹೊರತಂದರು. ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೆಯೇ ಎತ್ತಿಕೊಳ್ಳದೆ, ಇಲ್ಲಿಯ ಜನ ತಮ್ಮ ಕಷ್ಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಸಂದರ್ಶನಕ್ರಮವನ್ನು ರೂಪಿಸಿದುದು ಅವರ ಹೆಚ್ಚುಗಾರಿಕೆ. ಇನ್ನು ನಮ್ಮ ಜಿಲ್ಲೆಗೆ ತುಂಗಭದ್ರೆಯ ಆಚೆಯ ದಡವಾದ ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ ಯೋಜನೆಯು ಇದಕ್ಕಿಂತಲೂ ದೊಡ್ಡ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಮನೆಮನೆಗೆ ಹೋಗುವ ಕಾರ್ಯಕರ್ತರೂ ಅಲ್ಪಾವಧಿಯ ತರಬೇತಿಯಿಂದ ಮನೋರೋಗವನ್ನು ಗುರುತಿಸಿ ಉಪಚರಿಸಬಲ್ಲರೆ ಎಂಬ ಪ್ರಶ್ನೆಗೆ, ಸಭಾಭಾಷಣದಿಂದ ಉತ್ತರ ಕೊಡದೆ, ಒಂದು ಇಡೀ ಜಿಲ್ಲೆಯಲ್ಲಿ ಮಾಡಿ, ದಾಖಲಿಸಿ ಉತ್ತರ ಪಡೆಯಲಾಯಿತು. 1996ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಇಷ್ಟಾದರೂ ನಮ್ಮ ಸೀಮೆಯಲ್ಲಿ ಈ ಶಾಸ್ತ್ರವು ಪರಕೀಯವಾಗಿಯೇ ಉಳಿದುದಕ್ಕೆ ಚರಿತ್ರೆಯ ಕಾರಣವೂ ಉಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಃಶಾಸ್ತ್ರದ ವಿಭಾಗವು ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು, ಮತ್ತು ಅದೇ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ನಡೆಸಿ ವಿದ್ವತ್ತನ್ನು ಜನರ ಕಿವಿಗೆ ಮುಟ್ಟಿಸಿದರು. ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಗೋಪಾಲಸ್ವಾಮಿಯವರು ವಿಭಾಗವನ್ನು ಕಟ್ಟುತ್ತಿದ್ದ ಕಾಲದ ಕೊಪ್ಪಳವಾದರೋ ನಿಜಾಮರ ಸೀಮೆಯಲ್ಲಿದ್ದಿತು. ಅಲ್ಲಿಯ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಾಸ್ತ್ರಗಳನ್ನೂ ಉರ್ದುವಿನಲ್ಲಿ ಬೋಧಿಸಿತು. ದೇಶಭಾಷೆಯಲ್ಲಿ ಶಾಸ್ತ್ರವನ್ನು ಕಲಿಸಬಹುದೆಂಬುದಕ್ಕೆ ಅದು ಸಾಕ್ಷಿಯೇ ಸರಿ; ಆದರೆ ಆ ದೇಶಭಾಷೆ ಇರಕಲ್ಲಗಡದ ಒಕ್ಕಲ ಮಕ್ಕಳ ಮನೆಮಾತಾಗಿರಲಿಲ್ಲ.

“ಇದನ್ನು ಓದಿದರೆ ನೌಕರಿ ಸಿಕ್ಕೀತೆ?” ಎಂದು ತಂದೆತಾಯಿಗಳು ಕೇಳುವುದು ನ್ಯಾಯವಾಗಿಯೇ ಇದೆ. ಮಳೆಯನ್ನೇ ನೆಚ್ಚಿದ ಒಣಭೂಮಿಯ ಕುಟುಂಬವು ಮಗಳ ಓದಿಗೆ ತೆತ್ತ ಹಣಕ್ಕೆ ಪ್ರತಿಫಲವನ್ನು ಅಪೇಕ್ಷಿಸುವುದು ಲೋಭವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಪ್ತಸಲಹೆಗಾರರೂ ಕ್ಷೇತ್ರಕಾರ್ಯಕರ್ತರೂ ಬೇಕೆಂಬುದು ಒಂದು ಉತ್ತರ, ವಿಧಾನವನ್ನು ಕಲಿತ ಬುದ್ಧಿಯು ಬೀಜದ ಜಾಹೀರಾತು, ಚುನಾವಣಾ ಸಮೀಕ್ಷೆ, ಮೊಬೈಲಿನಲ್ಲಿ ಬಂದ ಮನೆಮದ್ದು, ಇವೆಲ್ಲವುಗಳ ಮುಂದೆ “ಯಾವುದಕ್ಕೆ ಹೋಲಿಸಿ?” ಎಂದು ಕೇಳಬಲ್ಲುದೆಂಬುದು ಎರಡನೆಯ, ಮತ್ತು ನನ್ನ ಎಣಿಕೆಯಲ್ಲಿ ಮೇಲಾದ, ಉತ್ತರ.

ಇದಕ್ಕಾಗಿ ಬೆಲೆಬಾಳುವ ಉಪಕರಣಗಳೇನೂ ಬೇಡ. ಒಂದು ತರಗತಿಯ ಮಕ್ಕಳನ್ನು ಚೀಟಿ ಎತ್ತಿಸಿ ಎರಡು ಗುಂಪುಗಳನ್ನಾಗಿ ಮಾಡುವುದು. ಒಂದು ಗುಂಪು ಒಂದು ಪಾಠವನ್ನು ಮೂರು ಸಲ ಓದುವುದು, ಇನ್ನೊಂದು ಒಮ್ಮೆ ಓದಿ, ಪುಸ್ತಕವನ್ನು ಮುಚ್ಚಿ, ಎರಡು ಸಲ ನೆನಪಿನಿಂದ ಬರೆಯುವುದು. ವಾರದ ಬಳಿಕ ಎರಡೂ ಗುಂಪುಗಳಿಗೆ ಒಂದೇ ಪರೀಕ್ಷೆಯನ್ನಿತ್ತು, ಯಾವ ಉತ್ತರಪತ್ರಿಕೆ ಯಾವ ಗುಂಪಿನದೆಂದರಿಯದ ಅಧ್ಯಾಪಕರಿಂದ ಅಂಕ ಹಾಕಿಸುವುದು. ಚೀಟಿಯೆತ್ತುವುದರಲ್ಲಿ ಯಾದೃಚ್ಛಿಕ ವಿಂಗಡಣೆ, ಎರಡು ಗುಂಪುಗಳಲ್ಲಿ ಹೋಲಿಕೆ, ಅಧ್ಯಾಪಕರ ಅರಿಯದಿರುವಿಕೆಯಲ್ಲಿ ಫುಂಗ್‌ಸ್ಟನ ಜಾಣ್ಮೆ, ಮೂರೂ ಒಂದೇ ವಾರದಲ್ಲಿ ಕೈಗೆ ಬರುತ್ತವೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗಗಳಲ್ಲಿ, ಐದು ನಿಮಿಷದ ಬಳಿಕದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರೂ, ವಾರದ ಬಳಿಕದ ಪರೀಕ್ಷೆಯಲ್ಲಿ ನೆನೆದು ಬರೆದವರೂ ಮುಂದಿದ್ದರು. ನಮ್ಮ ಮಕ್ಕಳಲ್ಲಿ ಹಾಗೆಯೇ ಆಗುತ್ತದೆಯೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ಈಗಿನ ಪ್ರಯೋಗಪುಸ್ತಕಗಳಲ್ಲಿ ಫಲಿತಾಂಶವು ಮೊದಲೇ ಗೊತ್ತಿರುವುದರಿಂದ ಅಲ್ಲಿ ಪ್ರಯೋಗದ ನಕಲು ನಡೆಯುತ್ತದೆಯೇ ಹೊರತು ಪ್ರಯೋಗ ನಡೆಯುವುದಿಲ್ಲ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಪ್ರತಿವರ್ಷ ಪ್ರತಿ ಕಾಲೇಜೂ ತನ್ನ ಮಕ್ಕಳ ಮುಂದಿಡಬೇಕು, ಮತ್ತು ಅವರ ಊಹೆ ಸುಳ್ಳಾಗಿ ಬಂದರೂ ಅದನ್ನು ಪ್ರಾಮಾಣಿಕವಾಗಿ ಬರೆದವರಿಗೆ ಪೂರ್ಣ ಅಂಕಗಳನ್ನು ಕೊಡಬೇಕು ಎಂಬಷ್ಟನ್ನು ಪದವಿಪೂರ್ವ ಶಿಕ್ಷಣ ಇಲಾಖೆಯವರು ನಿಯಮವನ್ನಾಗಿ ಮಾಡಿದರೆ ಸಾಕು. ಪಂಥಗಳ ಹೆಸರುಗಳನ್ನು ಮಕ್ಕಳು ಆಮೇಲೆ ತಾವಾಗಿಯೇ ಹುಡುಕಿಕೊಂಡು ಹೋಗುವರು.