ಬಾಣಂತಿಯೂ ವ್ಯಾಯಾಮವೂ

ಹೆರಿಗೆಯಾದ ಹೆಣ್ಣುಮಗಳು ವಾರಗಟ್ಟಲೆ ಆದಷ್ಟೂ ಹಾಸಿಗೆ ಬಿಟ್ಟೇಳಬಾರದೆಂಬ ಕಟ್ಟಳೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಬೆಚ್ಚನೆಯ ಕೋಣೆ, ಎಣ್ಣೆನೀರು, ತವರಿನ ಆರೈಕೆ ಇವುಗಳ ಹಿಂದಿರುವ ಅಕ್ಕರೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿಶ್ರಾಂತಿಯೆಂದರೆ ನಿಶ್ಚಲತೆಯೆಂದು ಬಗೆಯುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ಇದು ವೈದ್ಯರ ವಿಷಯ, ಭೌತಶಾಸ್ತ್ರದ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ರಕ್ತವೂ ಒಂದು ದ್ರವವೇ. ದ್ರವಗಳ ನಿಯಮಗಳಿಗೆ ಅದೂ ಒಳಪಟ್ಟಿದೆ.

ಹೃದಯದಿಂದ ಪಾದದವರೆಗೆ ಸುಮಾರು 120 ಸೆಂಟಿಮೀಟರ್ ಎತ್ತರದ ರಕ್ತಸ್ತಂಭವಿದೆಯೆಂದು ಭಾವಿಸೋಣ. ರಕ್ತದ ಸಾಪೇಕ್ಷ ಸಾಂದ್ರತೆ 1.06, ಪಾದರಸದ್ದು 13.6. ಲೆಕ್ಕ ಹಾಕಿದರೆ, ಅಲುಗಾಡದೆ ನಿಂತವರ ಪಾದದ ಅಭಿಧಮನಿಗಳಲ್ಲಿ 90 ಮಿಲಿಮೀಟರಿಗೂ ಮಿಗಿಲಾದ ಪಾದರಸದಷ್ಟು ಒತ್ತಡವಿರುವುದು ತಿಳಿಯುತ್ತದೆ. ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಇದಕ್ಕೆ ಕಾರಣ ಮೀನಖಂಡದ ಸ್ನಾಯುಗಳು. ಅವು ಸಂಕುಚಿಸಿದಾಗಲೆಲ್ಲ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಒಳಗಿನ ಕವಾಟಗಳು ಅದನ್ನು ಹಿಂದಿರುಗಗೊಡವು. ಮಲಗಿದವರಲ್ಲಿ ಸ್ತಂಭದ ಒತ್ತಡವಿಲ್ಲ, ನಿಜ. ಆದರೆ ಈ ಪಂಪೂ ಸುಮ್ಮನಿರುತ್ತದೆ. ರಕ್ತದ ಹರಿವು ಮಂದವಾಗುತ್ತದೆ.

ಹೆರಿಗೆಯ ರಕ್ತಸ್ರಾವದಿಂದ ತಾಯಿಯನ್ನು ಕಾಪಾಡಲೋ ಎಂಬಂತೆ ಗರ್ಭಕಾಲದಲ್ಲಿ ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೆರಿಗೆಯ ಬಳಿಕವೂ ಕೆಲವು ವಾರ ಅದು ಉಳಿದಿರುತ್ತದೆ. ಮಂದವಾದ ಹರಿವು ಇದರೊಡನೆ ಕೂಡಿದರೆ ಕಾಲಿನಲ್ಲಿ ಗರಣೆಗಟ್ಟಬಹುದು. ಆ ಗರಣೆ ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಾಪಾಯ. ಪಾಶ್ಚಾತ್ಯ ಆಸ್ಪತ್ರೆಗಳೂ ಹಿಂದೆ ಬಾಣಂತಿಯರನ್ನು ಹತ್ತಾರು ದಿನ ಮಲಗಿಸಿಯೇ ಇಡುತ್ತಿದ್ದವು. 1940ರ ದಶಕದಲ್ಲಿ ಆ ಪದ್ಧತಿ ಸಡಿಲವಾಯಿತು.

ಹಾಗಾದರೆ ಮಾಡತಕ್ಕುದೇನು? ಮಲಗಿದಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ದೀರ್ಘವಾಗಿ ಉಸಿರಾಡುತ್ತ ಹೊಟ್ಟೆಯನ್ನು ಮೆಲ್ಲನೆ ಒಳಸೆಳೆಯುವುದು, ಕೋಣೆಯಿಂದ ಅಂಗಳದವರೆಗೆ ನಡೆದಾಡುವುದು, ಇಷ್ಟು ಮೊದಲಿಗೆ ಸಾಕು. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗೆಲ್ 1948ರಲ್ಲಿ ವಿವರಿಸಿದರು. ಹೆರಿಗೆಯಲ್ಲಿ ಹಿಗ್ಗಿದ ಆ ಸ್ನಾಯುಗಳಿಗೆ ಅದು ಬಲ ಕೊಡುತ್ತದೆ. ವಾರಕ್ಕೆ ಒಟ್ಟು 150 ನಿಮಿಷಗಳ ಮಿತವಾದ ಚಟುವಟಿಕೆ ಬಾಣಂತಿಯರಿಗೂ ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಆ ಗುರಿಯನ್ನು ಮೆಲ್ಲಮೆಲ್ಲನೆ ಮುಟ್ಟಬೇಕು. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರು ವೈದ್ಯರನ್ನು ಕೇಳಿಯೇ ವ್ಯಾಯಾಮಕ್ಕೆ ತೊಡಗಬೇಕು. ಒಂದೇ ಕಾಲಿನ ಊತ ಅಥವಾ ನೋವು, ಏದುಸಿರು, ಅತಿಯಾದ ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗೆಂದು ಮನೆಗೆಲಸವನ್ನೇ ವ್ಯಾಯಾಮವೆಂದು ಕರೆದು ಆಕೆಯ ಮೇಲೆ ಹೇರುವುದು ಇನ್ನೊಂದು ಅನ್ಯಾಯ. ಹದಿನೈದು ಲೀಟರ್ ನೀರಿನ ಕೊಡ ಹದಿನೈದು ಕಿಲೋಗ್ರಾಂ ಭಾರ. ಅದನ್ನೆತ್ತುವಾಗ ಹೊಟ್ಟೆಯೊಳಗಿನ ಒತ್ತಡವೇರಿ, ಇನ್ನೂ ಚೇತರಿಸಿಕೊಳ್ಳದ ಸ್ನಾಯುಗಳ ಮೇಲೆ ಬೀಳುತ್ತದೆ. ವ್ಯಾಯಾಮ ಆಕೆಯ ಶಕ್ತಿಗೆ ತಕ್ಕಂತೆ ನಡೆಯುತ್ತದೆ. ದುಡಿಮೆ ಮನೆಯ ಅಗತ್ಯಕ್ಕೆ ತಕ್ಕಂತೆ.

ತರುಣ ಓದುಗರೇ, ನಿಮ್ಮ ಮನೆಗೂ ಅಕ್ಕನೋ ಅತ್ತಿಗೆಯೋ ಬಾಣಂತನಕ್ಕೆ ಬಂದಾರು. ಆಕೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವಷ್ಟು ಹೊತ್ತು ಮಗುವನ್ನು ನೀವೆತ್ತಿಕೊಳ್ಳಿ; ಕೊಡವನ್ನೂ ನೀವೇ ಹೊತ್ತು ತನ್ನಿ. ಹಿರಿಯರು ಆಕ್ಷೇಪಿಸಿದರೆ ರಕ್ತಸ್ತಂಭದ ಲೆಕ್ಕವನ್ನು ವಿನಯದಿಂದ ವಿವರಿಸಿ.