ಸೋಲುವುದೇ ಕೆಲಸವಾದವನ ಮೇಲೆ ಬಾಜಿ ಬೇಡ

ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಮೇಲೆ ಬಾಜಿ ಕಟ್ಟಿದರೆ ತಪ್ಪೇನು ಎಂದು ಕೇಳುವವರ ದನಿ ಜೋರಾಗಿದೆ. ಬಾಜಿ ಇದ್ದರೆ ಜನ ಮೂರು ವಾರ ಕಣ್ಣು ಕೀಳದೆ ರೇಸ್ ನೋಡುತ್ತಾರೆ, ಬಡ ಕ್ರೀಡೆಗೆ ನಾಲ್ಕು ಕಾಸು ಬರುತ್ತದೆ, ಕ್ರಿಕೆಟ್ಟಿಗೂ ಫುಟ್‌ಬಾಲಿಗೂ ಇಲ್ಲದ ಮಡಿ ಸೈಕಲ್ಲಿಗೇಕೆ ಎಂಬುದು ಅವರ ಮಾತು. ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ರಸ್ತೆಯ ಮೇಲೆ ಯಾರು ಯಾರಿಗಾಗಿ ಪೆಡಲ್ ತುಳಿಯುತ್ತಿದ್ದಾರೆ ಎಂಬ ಪರಿವೆಯೇ ಇವರಿಗಿಲ್ಲ. 21 ಹಂತ, ಸುಮಾರು 3,400 ಕಿಲೋಮೀಟರ್, ತಂಡಕ್ಕೆ 8 ಮಂದಿಯಂತೆ 180ರ ಆಸುಪಾಸು ಸವಾರರು. ಇವರಲ್ಲಿ ಹೆಚ್ಚಿನವರಿಗೆ ಬೆಳಿಗ್ಗೆ ಸೈಕಲ್ ಹತ್ತುವಾಗ ಗೆಲ್ಲುವ ಉದ್ದೇಶವೇ ಇರುವುದಿಲ್ಲ. ಇನ್ನೊಬ್ಬನನ್ನು ಗೆಲ್ಲಿಸಲೆಂದೇ ಅವರಿಗೆ ಸಂಬಳ. ಸೋಲುವುದು ಕರ್ತವ್ಯವಾಗಿರುವ ಆಟದಲ್ಲಿ ಯಾರು ಸೋಲುತ್ತಾರೆ ಎಂಬುದನ್ನು ಮಾರಾಟಕ್ಕಿಟ್ಟರೆ ಆ ಆಟ ಉಳಿಯುವುದಿಲ್ಲ. ನನ್ನ ವಾದ ಇಷ್ಟೇ.

ಡೊಮೆಸ್ಟೀಕ್ ಎಂದು ಕರೆಸಿಕೊಳ್ಳುವ ಸಹಾಯಕ ಸವಾರನ ಒಂದು ದಿನವನ್ನು ಗಮನಿಸಿ. ಅವನು ಗುಂಪಿನಿಂದ ಹಿಂದೆ ಸರಿದು ತಂಡದ ಕಾರಿನ ಪಕ್ಕಕ್ಕೆ ಬರುತ್ತಾನೆ. ಕಿಟಕಿಯಿಂದ ಕೊಟ್ಟ ನೀರಿನ ಬಾಟಲಿಗಳನ್ನು ಒಂದೊಂದಾಗಿ ಜೇಬಿಗೆ, ಜೆರ್ಸಿಯ ಬೆನ್ನೊಳಕ್ಕೆ, ಕೊರಳ ಸಂದಿಗೆ ತುರುಕಿಕೊಂಡು, ಆ ಭಾರ ಹೊತ್ತು ಇಡೀ ಗುಂಪನ್ನು ಮತ್ತೆ ದಾಟಿ ಮುಂದೆ ಹೋಗಿ ಹಂಚುತ್ತಾನೆ. ನಾಯಕನಿಗೆ ಗಾಳಿ ತಾಗದಿರಲೆಂದು ಗಂಟೆಗಟ್ಟಲೆ ತಾನೇ ಎದುರುಗಾಳಿಗೆ ಎದೆಯೊಡ್ಡುತ್ತಾನೆ. ನಾಯಕನ ಚಕ್ರ ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ನಿಲ್ಲುತ್ತಾನೆ. ಕೊನೆಯ ಏರು ಶುರುವಾಗುವ ಹೊತ್ತಿಗೆ ಅವನ ಕೆಲಸ ಮುಗಿದಿರುತ್ತದೆ. ಪಕ್ಕಕ್ಕೆ ಸರಿದು, ನಾಳೆಗೆ ತ್ರಾಣ ಉಳಿಸಿಕೊಂಡು, ಸಮಯದ ಗಡುವು ಮೀರದಷ್ಟೇ ವೇಗದಲ್ಲಿ ಅರ್ಧ ಗಂಟೆ ತಡವಾಗಿ ಗುರಿ ಮುಟ್ಟುತ್ತಾನೆ. ಬೆಟ್ಟಿಂಗ್ ಕಂಪನಿಗಳು ಇಂಥ ರೇಸಿನಲ್ಲಿ ಇಬ್ಬರು ಸವಾರರ ಹೆಸರು ಜೋಡಿಸಿ, ಇವತ್ತು ಇವರಲ್ಲಿ ಯಾರು ಮುಂದೆ ಬರುತ್ತಾರೆ ಎಂದು ಬಾಜಿಗೆ ಕರೆಯುತ್ತವೆ. ಮದುವೆಮನೆಯಲ್ಲಿ ಬಡಿಸುವವನು ಎಷ್ಟು ಉಂಡ ಎಂದು ಪಣ ಕಟ್ಟಿದ ಹಾಗೆ ಇದು. ನಾಯಕನಿಗಾಗಿ ದುಡಿದು ಸುಸ್ತಾಗಿ ಹಿಂದೆ ಬಿದ್ದವನೂ ಬುಕ್ಕಿಯಿಂದ ದುಡ್ಡು ತಿಂದು ಹಿಂದೆ ಬಿದ್ದವನೂ ನೋಡುವ ಕಣ್ಣಿಗೆ ಒಂದೇ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲ ತನಿಖಾಧಿಕಾರಿ ಎಲ್ಲಿದ್ದಾನೆ?

ತ್ಯಾಗ ಕೆಳಗಿನ ಸವಾರರಿಗೆ ಮಾತ್ರ ಸೇರಿದ್ದು, ಮುಂಚೂಣಿಯವರೆಲ್ಲ ಗೆಲ್ಲಲೆಂದೇ ಸ್ಪರ್ಧಿಸುತ್ತಾರೆ ಎಂದು ಯಾರಾದರೂ ಹೇಳಬಹುದು. 2012ರ ಟೂರ್‌ನಲ್ಲಿ ಲಾ ತೂಸ್ವೀರ್ ಏರಿನ ಮೇಲೆ ನಡೆದದ್ದನ್ನು ಅವರು ನೆನಪಿಸಿಕೊಳ್ಳಲಿ. ಸ್ಕೈ ತಂಡದ ಕ್ರಿಸ್ ಫ್ರೂಮ್ ತನ್ನದೇ ನಾಯಕ ಬ್ರಾಡ್ಲಿ ವಿಗಿನ್ಸ್‌ನನ್ನು ಹಿಂದೆ ಬಿಟ್ಟು ಜಿಗಿದ. ರೇಡಿಯೊದಲ್ಲಿ ಸೂಚನೆ ಬಂತು. ಫ್ರೂಮ್ ವೇಗ ಇಳಿಸಿದ, ನಾಯಕನಿಗಾಗಿ ಕಾದ. ಆ ವರ್ಷ ವಿಗಿನ್ಸ್ ಗೆದ್ದ, ಫ್ರೂಮ್ ಎರಡನೆಯವನಾದ. 2023ರ ಸ್ಪೇನಿನ ವುಯೆಲ್ತಾ ರೇಸಿನಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು. ಯುಂಬೊ-ವಿಸ್ಮಾ ತಂಡದ ಮೂವರು ಮೊದಲ ಮೂರು ಸ್ಥಾನಗಳಲ್ಲಿದ್ದರು. ಆಂಗ್ಲಿರು ಏರಿನಲ್ಲಿ ರೊಗ್ಲಿಚ್ ಮತ್ತು ವಿಂಗೆಗೋರ್, ಮುನ್ನಡೆಯಲ್ಲಿದ್ದ ತಮ್ಮದೇ ಜೊತೆಗಾರ ಸೆಪ್ ಕಸ್‌ನನ್ನು ಹಿಂದೆ ಹಾಕಿ ಹೋದರು. ಕಸ್ ಬಳಿ ಉಳಿದದ್ದು 8 ಸೆಕೆಂಡಿನ ಮುನ್ನಡೆ. ಅದೇ ವರ್ಷ ರೊಗ್ಲಿಚ್‌ಗೆ ಇಟಲಿಯ ಜಿರೋ ದಿತಾಲಿಯಾ ರೇಸನ್ನೂ ವಿಂಗೆಗೋರ್‌ಗೆ ಟೂರ್ ಅನ್ನೂ ಗೆದ್ದುಕೊಳ್ಳಲು ಬೆನ್ನು ಬಗ್ಗಿಸಿ ದುಡಿದವನು ಈ ಕಸ್. ಆಮೇಲೆ ತಂಡ ಕೂತು ಮಾತಾಡಿ, ಗೆಲುವು ಕಸ್‌ನದೇ ಎಂದು ತೀರ್ಮಾನಿಸಿತು. ಉಳಿದಿಬ್ಬರೂ ಅವನಿಗೆ ಕಾವಲು ನಿಂತರು. ಅಭಿಮಾನಿಗಳು ಸಂಭ್ರಮಪಟ್ಟರು, ಪಡಬೇಕಾದದ್ದೇ. ಋಣ ತೀರಿಸುವ ಗುಣ ಈ ಕ್ರೀಡೆಯ ಜೀವಾಳ. ಆದರೆ ವಿಂಗೆಗೋರ್ ಹೆಸರಿನ ಮೇಲೆ ದುಡ್ಡು ಹಾಕಿದವನಿಗೆ ಅದು ಏನಾಗಿ ಕಂಡಿರಬೇಕು? ತಂಡದ ಬಸ್ಸಿನಲ್ಲಿ ನಡೆದ ಮೋಸ. ಒಂದೇ ಘಟನೆ, ಬಾಜಿ ಇಲ್ಲದವನಿಗೆ ಔದಾರ್ಯ, ಬಾಜಿ ಕಟ್ಟಿದವನಿಗೆ ವಂಚನೆ. ಬಾಜಿಯಿಂದ ಜನ ರೇಸನ್ನು ಚೆನ್ನಾಗಿ ನೋಡಲು ಕಲಿಯುತ್ತಾರೆ ಎಂಬ ವಾದ ಇಲ್ಲಿಗೆ ಮುಗಿಯಿತು. ಇದರಿಂದ ಅವರು ಕಲಿಯುವುದು ತಪ್ಪಾಗಿ ನೋಡುವುದನ್ನು.

ಕ್ರಿಕೆಟ್ಟಿನ ಹೋಲಿಕೆ ತರುವವರು 2010ರ ಲಾರ್ಡ್ಸ್ ಟೆಸ್ಟನ್ನು ಮರೆಯಬಾರದು. ಪಾಕಿಸ್ತಾನದ ಮೂವರು ಆಟಗಾರರು ಮೊದಲೇ ಗೊತ್ತುಮಾಡಿದ ನೋಬಾಲ್‌ಗಳ ಪ್ರಕರಣದಲ್ಲಿ ಸಿಕ್ಕಿಬಿದ್ದು, 2011ರಲ್ಲಿ ಜೈಲಿಗೆ ಹೋದರು. ಬೌಲರ್ ಬೇಕೆಂದೇ ಗೆರೆ ದಾಟುವುದಕ್ಕೆ ಆಟದೊಳಗೆ ಯಾವ ನ್ಯಾಯವಾದ ಕಾರಣವೂ ಇಲ್ಲ, ಹಾಗಾಗಿ ಆ ಪಾದದ ಗುರುತು ಕ್ಯಾಮೆರಾದಲ್ಲಿ ಸಾಕ್ಷಿಯಾಗಿ ನಿಂತಿತು. ಸೈಕಲ್ ರೇಸಿನಲ್ಲಿ ವೇಗ ಇಳಿಸುವುದಕ್ಕೆ ನ್ಯಾಯವಾದ ನೂರು ಕಾರಣಗಳಿವೆ. ಮುನ್ನುಗ್ಗಿದ ಪುಟ್ಟ ಗುಂಪಿನಲ್ಲಿ ಹಂತದ ಗೆಲುವನ್ನು ಜೊತೆಗಿದ್ದ ಎದುರಾಳಿಗೆ ಬಿಟ್ಟುಕೊಟ್ಟು ಒಟ್ಟು ಸಮಯದಲ್ಲಿ ಲಾಭ ಮಾಡಿಕೊಳ್ಳುವುದು ಇಲ್ಲಿ ಹಳೆಯ ಪದ್ಧತಿ. ಐದು ಬಾರಿ ಟೂರ್ ಗೆದ್ದ ಮಿಗೆಲ್ ಇಂದುರಾಯ್ನ್ ಅದಕ್ಕೇ ಹೆಸರಾದವನು. ಇನ್ನು ಉದ್ದೀಪನ ಮದ್ದನ್ನೇ ಪತ್ತೆ ಹಚ್ಚಲು ಈ ಕ್ರೀಡೆ ಎಷ್ಟು ಒದ್ದಾಡಿತು ನೋಡಿ. ಲಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ಗೆದ್ದ. ಆ ಪ್ರಶಸ್ತಿಗಳನ್ನು ಕಿತ್ತುಕೊಂಡದ್ದು 2012ರಲ್ಲಿ. ಪ್ರಯೋಗಾಲಯಗಳಿಂದ ಆಗದ ಕೆಲಸ ಆದದ್ದು 11 ಮಾಜಿ ಜೊತೆಗಾರರು ಬಾಯಿಬಿಟ್ಟ ಮೇಲೆ. ಮದ್ದು ರಕ್ತದಲ್ಲಿ, ಮೂತ್ರದಲ್ಲಿ ಕುರುಹು ಬಿಡುತ್ತದೆ. ಆದರೂ ಇಷ್ಟು ವರ್ಷ ಬೇಕಾಯಿತು. ಪೆಡಲ್ ಮೇಲಿನ ಕಾಲನ್ನು ಸ್ವಲ್ಪ ಸಡಿಲ ಬಿಟ್ಟದ್ದು ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಇದುವರೆಗೆ ದೊಡ್ಡ ಹಗರಣ ಆಗಿಲ್ಲವಲ್ಲ ಎನ್ನುವವರ ಸಮಾಧಾನಕ್ಕೆ ಅರ್ಥವಿಲ್ಲ. ಕಾಣಲು ಸಾಧ್ಯವೇ ಇಲ್ಲದ್ದು ಕಂಡಿಲ್ಲ ಎಂದರೆ ಅದು ನಡೆದಿಲ್ಲ ಎಂದಾಗುವುದಿಲ್ಲ.

ಬಾಜಿ ಅದೃಷ್ಟದ ಆಟವಲ್ಲ, ಓದಿ ತಿಳಿದವನ ಕೌಶಲ ಎಂಬುದು ಇನ್ನೊಂದು ವಾದ. ಕನ್ನಡಿಗರಿಗೆ ಇದು ಹೊಸದಲ್ಲ. ಆನ್‌ಲೈನ್ ರಮ್ಮಿಯ ಪರವಾಗಿ ಇದೇ ಮಾತು ಕೇಳಿ ಕೇಳಿ ಕಿವಿ ದಣಿದಿದೆ. ಕರ್ನಾಟಕ 2021ರಲ್ಲಿ ತಂದ ನಿಷೇಧದ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗಲೂ ಕೌಶಲದ ಮಾತು ಮುನ್ನೆಲೆಯಲ್ಲಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದ ಮಾಡದೆ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಸೈಕಲ್ ರೇಸಿನ ವಿಷಯದಲ್ಲಂತೂ ಈ ಕೌಶಲ ಬರೀ ಭ್ರಮೆ. ನಾಯಕನಿಗೆ ರಾತ್ರಿ ಜ್ವರ ಬಂದದ್ದು, ಬಿದ್ದ ಏಟಿಗೆ ಮಂಡಿ ಊದಿದ್ದು, ಇವತ್ತು ಯಾರು ಯಾರಿಗೆ ದುಡಿಯಬೇಕು ಎಂಬುದು ತಂಡದ ಬಸ್ಸಿನೊಳಗಿನ ಗುಟ್ಟು. ಮನೆಯಲ್ಲಿ ಕೂತವನು ಹತ್ತು ವರ್ಷದ ಅಂಕಿಅಂಶ ಅರೆದು ಕುಡಿದರೂ ಆ ಬಸ್ಸಿನ ಬಾಗಿಲು ಅವನಿಗೆ ತೆರೆಯುವುದಿಲ್ಲ. ಅದು ತೆರೆಯುವುದು ಒಳಗಿನವರಿಂದ ಸುದ್ದಿ ಕೊಂಡುಕೊಂಡವನಿಗೆ. ಬಸ್ಸಿನ ಗುಟ್ಟೂ ಸಾಲದು. ಈ ರೇಸ್ ನಡೆಯುವುದು ಬಯಲು ರಸ್ತೆಯಲ್ಲಿ. 2021ರ ಟೂರ್‌ನ ಮೊದಲ ಹಂತದಲ್ಲಿ ಒಬ್ಬ ಪ್ರೇಕ್ಷಕಿ ಕ್ಯಾಮೆರಾ ಕಡೆ ತಿರುಗಿ ಹಿಡಿದ ರಟ್ಟಿನ ಫಲಕ ಸವಾರನೊಬ್ಬನಿಗೆ ತಾಗಿ ಹತ್ತಾರು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು. ಅದು ಅಜಾಗರೂಕತೆ. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಸವಾರರು ಕೈಗೆಟುಕುವಷ್ಟು ಹತ್ತಿರ ಹಾದುಹೋಗುವಾಗ, ಅದೇ ಕೆಲಸವನ್ನು ಬೇಕೆಂದೇ ಮಾಡುವುದರಿಂದ ದುಡ್ಡು ಸಿಗುವ ವ್ಯವಸ್ಥೆಯನ್ನು ನಾವೇ ಕಟ್ಟಿಕೊಡಬೇಕೆ?

ಇನ್ನು ದುಡ್ಡಿನ ವಾದ. ಈ ಕ್ರೀಡೆಗೆ ಟಿಕೆಟ್ ಇಲ್ಲ, ತಂಡಗಳು ಪ್ರಾಯೋಜಕರನ್ನೇ ನಂಬಿ ಬದುಕುತ್ತವೆ, ನಿಜ. ಆದರೆ ಟೂರ್ ನಡೆಸುವುದು ಅಮೋರಿ ಕುಟುಂಬದ ಸಂಸ್ಥೆ. ಪ್ರಸಾರ ಹಕ್ಕಿನ ಆದಾಯದಲ್ಲಿ ತಂಡಗಳಿಗೆ ಪಾಲಿಲ್ಲ. ಬಡತನದ ಬೇರು ಅಲ್ಲಿದೆ. ಅದನ್ನು ಮುಟ್ಟಲು ಧೈರ್ಯವಿಲ್ಲದವರು ಬುಕ್ಕಿಗಳ ಮುಂದೆ ಕೈಚಾಚಲು ಹೊರಟಿದ್ದಾರೆ. ಫ್ರಾನ್ಸಿನ ಲಾಟರಿ ಮತ್ತು ಬೆಟ್ಟಿಂಗ್ ಸಂಸ್ಥೆ ಎಫ್‌ಡಿಜೆ 1997ರಿಂದ ಒಂದು ತಂಡದ ಹೆಸರಿನಲ್ಲಿದೆ. 2007ರಲ್ಲಿ ಹೊರಗಿನ ಬೆಟ್ಟಿಂಗ್ ಕಂಪನಿ ಯೂನಿಬೆಟ್‌ನ ತಂಡವನ್ನು ಫ್ರಾನ್ಸಿನ ರೇಸುಗಳಿಂದ ದೂರ ಇಟ್ಟಾಗ ಮುಂದಿಟ್ಟ ಕಾರಣಗಳಲ್ಲಿ ಅಲ್ಲಿನ ಜೂಜಿನ ಜಾಹೀರಾತಿನ ಕಾನೂನೂ ಒಂದು. ಸ್ವಂತ ಸಂಸ್ಥೆಗೆ ಒಂದು ನ್ಯಾಯ, ಹೊರಗಿನವರಿಗೆ ಇನ್ನೊಂದು. ಬಾಜಿ ನಡೆಸುವವನೇ ಸವಾರನಿಗೆ ಸಂಬಳ ಕೊಡುವುದು ಯಾವ ದೇಶದ ಲಾಟರಿಯಾದರೂ ತಪ್ಪೇ. ಎಲ್ಲ ಆಟಗಳಲ್ಲೂ ಇದೇ ರೋಗ ಹಬ್ಬಿದೆ. ನಮ್ಮ ಕ್ರಿಕೆಟ್ ತಂಡದ ಎದೆಯ ಮೇಲೆ ಡ್ರೀಮ್ ಇಲೆವೆನ್ ಹೆಸರು ರಾರಾಜಿಸಿತು. ಅದು ಇಳಿದದ್ದು 2025ರ ಕಾಯ್ದೆ ಬಂದ ಮೇಲೆ, ಕ್ರಿಕೆಟ್ ಮಂಡಳಿಗೆ ತಾನಾಗಿ ನಾಚಿಕೆಯಾಗಿ ಅಲ್ಲ. ಮಕ್ಕಳು ಆಟಗಾರನ ಅಂಗಿ ನೋಡಿ ಜೂಜಿನ ಹೆಸರು ಕಲಿಯುವ ಕಾಲ ತಂದಿಟ್ಟವರು ಕ್ರೀಡಾಪ್ರೇಮದ ಮಾತಾಡಬಾರದು.

ನಿಷೇಧಿಸಿದರೆ ಬಾಜಿ ಕಳ್ಳದಾರಿ ಹಿಡಿಯುತ್ತದೆ ಎಂಬುದು ಕೊನೆಯ ಬೆದರಿಕೆ. ಕಳ್ಳ ಬಾಜಿ ಈಗಲೂ ಇದೆ, ಪೊಲೀಸರು ಇರುವುದು ಅದಕ್ಕೆ. ಕಾನೂನಿನ ಮುದ್ರೆ ಒತ್ತಿ ಅದನ್ನು ಪ್ರತಿ ಜೇಬಿನ ಮೊಬೈಲಿಗೆ ತಲುಪಿಸುವುದು ಅದಕ್ಕೆ ಪರಿಹಾರವಲ್ಲ. ಆಗಬೇಕಾದದ್ದು ಮೂರು ಕೆಲಸ. ಇಬ್ಬರು ಸವಾರರನ್ನು ಜೋಡಿಸಿ ಕಟ್ಟಿಸುವ ಬಾಜಿ ಮತ್ತು ರೇಸ್ ನಡೆಯುತ್ತಿರುವಾಗಲೇ ಕಟ್ಟಿಸುವ ಬಾಜಿ ಮೊದಲು ನಿಲ್ಲಬೇಕು. ಬೆಟ್ಟಿಂಗ್ ನಡೆಸುವ ಯಾವ ಸಂಸ್ಥೆಯ ಹೆಸರೂ, ಸರ್ಕಾರಿ ಲಾಟರಿಯದ್ದೂ ಸೇರಿ, ಜೆರ್ಸಿಯ ಮೇಲೆ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಮಾಡಬೇಕು. ಆ ನಷ್ಟ ತುಂಬಲು ಪ್ರಸಾರದ ಆದಾಯದಲ್ಲಿ ತಂಡಗಳಿಗೆ ಹಕ್ಕಿನ ಪಾಲು ಸಿಗಬೇಕು. ಟೂರ್ ಗೆದ್ದವನಿಗೆ ಸಿಗುವ 5 ಲಕ್ಷ ಯೂರೊ ಬಹುಮಾನವನ್ನು ತಂಡದವರೆಲ್ಲ ಹಂಚಿಕೊಳ್ಳುವ ವಾಡಿಕೆ ಇಂದಿಗೂ ಇದೆ. ಗೆಲುವು ಒಬ್ಬನದಲ್ಲ ಎಂದು ಸವಾರರಿಗೆ ಚೆನ್ನಾಗಿ ಗೊತ್ತು. ಒಬ್ಬೊಬ್ಬನ ತಲೆಗೂ ಬೆಲೆ ಕಟ್ಟುವ ವ್ಯಾಪಾರಕ್ಕೆ ಅವರ ನಡುವೆ ಜಾಗ ಕೊಡುವ ಹಕ್ಕು ಯಾವ ಆಡಳಿತಗಾರನಿಗೂ ಇಲ್ಲ.