ವೇಗ ಹೆಚ್ಚಾದರೆ ಕಂಪ್ಯೂಟರ್ ಕೆಡುತ್ತದೆಯೇ?

ಕಂಪ್ಯೂಟರಿನ ಪ್ರೊಸೆಸರ್ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿದರೆ ಅದು ಸುಟ್ಟುಹೋಗುತ್ತದೆ ಎಂಬ ಹೆದರಿಕೆ ನಮ್ಮ ಕಾಸರಗೋಡಿನ ಹೆತ್ತವರಲ್ಲಿ ಇದೆ, ಕೆಲವು ಅಧ್ಯಾಪಕ ಮಿತ್ರರಲ್ಲೂ ಇದೆ. ಇದು ಆಧಾರವಿಲ್ಲದ ಹೆದರಿಕೆ ಎಂಬುದು ನಮ್ಮ ಅಭಿಪ್ರಾಯ. ಹೆದರಬೇಕಾದ ಸಂಗತಿ ಬೇರೆಯೇ ಇದೆ. ಅದನ್ನು ಬಿಟ್ಟು ಇದಕ್ಕೆ ಹೆದರುವುದರಿಂದ ನಷ್ಟವಾಗುತ್ತಿರುವುದು ಮಕ್ಕಳಿಗೆ.

ಒಂದು ಉದಾಹರಣೆ ನೋಡಿ. ನಮ್ಮಲ್ಲಿ ಕಲಿತು ಪ್ಲಸ್ ಟು ಸೇರಿದ ಹುಡುಗಿಯೊಬ್ಬಳಿಗೆ ಮನೆಯವರು ಅಡಿಕೆ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಟ್ಟಿದ್ದರು. ಅದು ಪದೇ ಪದೇ ನಿಧಾನವಾಗುತ್ತಿತ್ತು. ರಿಪೇರಿ ಅಂಗಡಿಯಲ್ಲಿ ನೋಡಿದವರು, "1.6ರ ಪ್ರೊಸೆಸರ್ 3.3ರಲ್ಲಿ ಓಡುತ್ತಿದೆ, ಓವರ್ ಸ್ಪೀಡ್, ಬೋರ್ಡೇ ಬದಲಿಸಬೇಕು" ಎಂದರಂತೆ. ಹೇಳಿದ ಮೊತ್ತ ಕೇಳಿ ಮನೆಯವರು ಗಾಬರಿಯಾಗಿ ನಮ್ಮ ಹತ್ತಿರ ಬಂದರು. ಬಿಚ್ಚಿ ನೋಡಿದರೆ ಫ್ಯಾನಿನ ತುಂಬ ಕೆಂಪು ಧೂಳು. ಧೂಳು ತೆಗೆದ ಮೇಲೆ ಲ್ಯಾಪ್‌ಟಾಪ್ ಸರಿಯಾಯಿತು. 3.3 ಎಂಬ ಅಂಕೆ ಆಮೇಲೆಯೂ ಕಾಣಿಸುತ್ತಿತ್ತು, ಏಕೆಂದರೆ ಅದು ರೋಗವೇ ಆಗಿರಲಿಲ್ಲ.

ಹಾಗಾದರೆ ಆ ಅಂಕೆ ಏನು? ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಶಾಲೆ, ಮನೆಗಳಲ್ಲಿ ಸಾಕಷ್ಟು ಕಾಣುವ ಇಂಟೆಲ್ ಕೋರ್ ಐ5-8250ಯು ಪ್ರೊಸೆಸರನ್ನೇ ತೆಗೆದುಕೊಳ್ಳಿ. ಅದರ ಮೂಲವೇಗ 1.6 ಗಿಗಾಹರ್ಟ್ಸ್, ಗರಿಷ್ಠ ವೇಗ 3.4. ಎರಡನ್ನೂ ನಿಗದಿ ಮಾಡಿದ್ದು ಕಂಪೆನಿಯೇ. ಕೆಲಸ ಹೆಚ್ಚಿದ್ದಾಗ ತಾನಾಗಿ ವೇಗ ಏರಿಸಿಕೊಂಡು, ಕೆಲಸ ಮುಗಿದ ಮೇಲೆ ಇಳಿಸಿಕೊಳ್ಳುವ ಈ ಏರ್ಪಾಡಿಗೆ ಟರ್ಬೊ ಬೂಸ್ಟ್ ಎಂದು ಹೆಸರು. ಇಂಟೆಲ್ ಇದನ್ನು 2008ರಲ್ಲೇ ತಂದಿತು. ಮೈದಾನದಲ್ಲಿ ಓಡುವ ಹುಡುಗನ ಎದೆಬಡಿತ 72ರಿಂದ 150ಕ್ಕೆ ಏರಿದರೆ ಯಾರಾದರೂ ಆಸ್ಪತ್ರೆಗೆ ಒಯ್ಯುತ್ತಾರೆಯೇ? ಇದೂ ಹಾಗೆಯೇ.

ಓಡುವ ಹುಡುಗನಿಗೂ ಮಿತಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆ ಮಿತಿಯನ್ನು ಪ್ರೊಸೆಸರ್ ತಾನೇ ಕಾಯುತ್ತದೆ. ಅದರೊಳಗೆ ಉಷ್ಣತೆ ಅಳೆಯುವ ಸಂವೇದಕಗಳಿವೆ. ಮೇಲೆ ಹೇಳಿದ ಪ್ರೊಸೆಸರಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಬಿಸಿ ಆ ಗಡಿ ಮುಟ್ಟಿದರೆ ವೇಗ ತಾನಾಗಿ ಇಳಿಯುತ್ತದೆ. ಆಗಲೂ ತಣಿಯದೆ ಬಿಸಿ ಇನ್ನೂ ಏರಿದರೆ ಯಂತ್ರವೇ ಆಫ್ ಆಗುತ್ತದೆ. ಆ ಹುಡುಗಿಯ ಲ್ಯಾಪ್‌ಟಾಪ್ ನಿಧಾನವಾಗುತ್ತಿದ್ದುದು ಇದೇ ಕಾರಣಕ್ಕೆ. ಅದು ವೇಗದ ದೋಷವಲ್ಲ, ಬಿಸಿ ಹೊರಗೆ ಹೋಗದೆ ವೇಗ ಕಳೆದುಕೊಂಡ ಕತೆ.

ಬಿಸಿಯೇ ಮುಖ್ಯ ಎಂಬುದಕ್ಕೆ ಚರಿತ್ರೆಯೂ ಸಾಕ್ಷಿ. 1971ರ ಇಂಟೆಲ್ 4004 ಚಿಪ್ಪಿನ ವೇಗ ಸೆಕೆಂಡಿಗೆ ಬರೇ 7 ಲಕ್ಷ 40 ಸಾವಿರ ಮಿಡಿತ. 2000ರ ಮಾರ್ಚ್‌ನಲ್ಲಿ ಎಎಂಡಿ ಮತ್ತು ಇಂಟೆಲ್ ಒಂದು ಗಿಗಾಹರ್ಟ್ಸ್ ಮುಟ್ಟಿದವು. ನಾಲ್ಕು ಮುಟ್ಟುವ ಪೆಂಟಿಯಂ 4 ತರುವ ಯೋಜನೆಯನ್ನು 2004ರಲ್ಲಿ ಇಂಟೆಲ್ ಕೈಬಿಟ್ಟಿತು. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ವೋಲ್ಟೇಜ್ ಏರಿದರೆ ಬಿಸಿ ಅದಕ್ಕಿಂತ ಹೆಚ್ಚು ಪಟ್ಟು ಏರುತ್ತದೆ. ಇಂದು ಆರು ಗಿಗಾಹರ್ಟ್ಸ್ ಮುಟ್ಟುವ ಡೆಸ್ಕ್‌ಟಾಪ್ ಪ್ರೊಸೆಸರುಗಳಿವೆ, ಅವಕ್ಕೆ ತಣಿಸುವ ವ್ಯವಸ್ಥೆಯೂ ಅಷ್ಟೇ ದೊಡ್ಡದು.

ಕಂಪೆನಿ ಎಂದಿಗೂ ತಪ್ಪುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೆಟ್ಟದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಚಿಪ್ಪಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿತ್ತು. ಆ ಆಗಸ್ಟಿನಲ್ಲಿ ಕಂಪೆನಿ ಸರಿಪಡಿಸಿದ ಮೈಕ್ರೋಕೋಡ್ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥ ಪ್ರೊಸೆಸರ್ ಇರುವವರು ಬಯಾಸ್ ಅಪ್‌ಡೇಟ್ ಮಾಡಿಸಲೇಬೇಕು. ಕಂಪೆನಿ ಹಾಕಿದ ಗಡಿಯನ್ನು ತಾವೇ ಮೀರಿಸುವ ಓವರ್‌ಕ್ಲಾಕಿಂಗ್ ಕೂಡ ಬೇರೆ ಮಾತು. ಶಾಲೆಯ ಯಂತ್ರದಲ್ಲಿ ಅದರ ಗೊಡವೆ ಬೇಡ.

ನಾವು ಗಮನಿಸಬೇಕಾದದ್ದು ಇಷ್ಟು. ಏನೂ ತೆರೆಯದಿದ್ದಾಗಲೂ ಪ್ರೊಸೆಸರ್ ಬಳಕೆ ಬಹಳ ಹೊತ್ತು ಶೇ. 80-90ರಲ್ಲಿ ನಿಂತಿದ್ದರೆ ಹಿನ್ನೆಲೆಯಲ್ಲಿ ಏನು ಓಡುತ್ತಿದೆ ಎಂದು ನೋಡಬೇಕು. ಅಪ್‌ಡೇಟ್ ಇರಬಹುದು, ವೈರಸ್ಸೂ ಇರಬಹುದು. ಹೆಚ್ಚು ಕೆಲಸವಿದ್ದಾಗ ಉಷ್ಣತೆ 80 ದಾಟಿದರೆ ಗಾಬರಿ ಬೇಡ. ಸಣ್ಣ ಕೆಲಸಕ್ಕೂ 95-100ರಲ್ಲೇ ನಿಂತರೆ ಫ್ಯಾನ್ ಶುಚಿ ಮಾಡಿಸಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ಬಟ್ಟೆಯ ಮೇಲೆ ಇಟ್ಟು ಬಳಸಬೇಡಿ, ಗಾಳಿಕಿಂಡಿ ಮುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ತಕ್ಷಣ ಬಳಕೆ ನಿಲ್ಲಿಸಿ, ಚಾರ್ಜ್ ಮಾಡಬೇಡಿ. ಬೆಂಕಿಯ ಅಪಾಯ ಇರುವುದು ಅಲ್ಲಿ.

ಬೇಸಗೆಯ ಸೆಕೆ, ಮುರಕಲ್ಲಿನ ಧೂಳು, ಸೀಮೆಸುಣ್ಣದ ಪುಡಿ, ಜೂನ್ ಬಂದರೆ ತೇವ, ಇವು ನಮ್ಮೂರಿನ ಯಂತ್ರಗಳ ನಿಜವಾದ ಶತ್ರುಗಳು. ಕೆಡುತ್ತದೆಂದು ಹೆದರಿ ಲ್ಯಾಪ್‌ಟಾಪುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಇದಕ್ಕೆ ಪರಿಹಾರವಲ್ಲ. ಬಳಸದ ಯಂತ್ರದಿಂದ ಯಾವ ಮಗುವೂ ಕಲಿಯಲಾರದು.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಆಯಿತು, ಮರುವರ್ಷ ಲಿಟಲ್ ಕೈಟ್ಸ್ ಕ್ಲಬ್ಬುಗಳೂ ಬಂದವು. ಯಂತ್ರಗಳಿಗೆ ಕೊರತೆ ಇದ್ದರೂ ದಾರಿ ಇದೆ. ಆದರೆ ಪರದೆಯ ಎಚ್ಚರಿಕೆ ಇಂಗ್ಲಿಷಿನಲ್ಲಿ, ರಿಪೇರಿಯವರ ವಿವರಣೆ ಮಲಯಾಳದಲ್ಲಿ. ನಡುವೆ ನಮ್ಮ ಕನ್ನಡದ ಮಗು ಪ್ರಶ್ನೆ ಕೇಳದೆ ತಲೆಯಾಡಿಸುತ್ತದೆ. ಅರ್ಥವಾಗದ ಕಡೆ ಹೆದರಿಕೆ ಹುಟ್ಟುತ್ತದೆ, ಹೆದರಿದವರ ಕೈಯಿಂದ ದುಡ್ಡು ಹೋಗುತ್ತದೆ. ಆದ್ದರಿಂದ ಪ್ರತಿಯೊಂದು ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನ ಗೋಡೆಯಲ್ಲೂ ಒಂದು ಚಾರ್ಟ್ ಇರಲಿ: ಮೂಲವೇಗ ಎಂದರೇನು, ಗರಿಷ್ಠ ವೇಗ ಎಷ್ಟು, ಉಷ್ಣತೆ ಎಷ್ಟಾದರೆ ಹೇಳಬೇಕು. ಒಂಬತ್ತನೆಯ ತರಗತಿಯ ಮಕ್ಕಳೇ ಅದನ್ನು ಕನ್ನಡದಲ್ಲಿ ಬರೆಯಬಲ್ಲರು. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಹೇಳಬಲ್ಲರು.